ಪಟ್ಟಿಯಲ್ಲಿ ಶಿಲೀಂಧ್ರ ಸಿಕ್ಕಿದೆ. ಮರ ಕೊಂದಿದ್ದು ಅದೇ ಅಂತ ಹೇಳಬಹುದಾ?

ಹೊಸಚಿಗುರು

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಕಾಡಿನ ಮರಗಳು ತುದಿಯಿಂದ ಒಣಗುತ್ತಾ ಬರುವುದಕ್ಕೂ ಬೇರಿನ ಸುತ್ತಲಿನ ಶಿಲೀಂಧ್ರಗಳಿಗೂ ಏನು ಸಂಬಂಧ ಅನ್ನೋದು ನನ್ನ ವಿಷಯ. ಒಣಗುತ್ತಿರುವ ಮರಗಳ ಬುಡದ ಮಣ್ಣು, ಚೆನ್ನಾಗಿರುವ ಮರಗಳ ಬುಡದ ಮಣ್ಣು ಎರಡನ್ನೂ ತೆಗೆದು ಐಟಿಎಸ್ ಸೀಕ್ವೆನ್ಸಿಂಗ್ (ಶಿಲೀಂಧ್ರಗಳನ್ನು ಗುರುತಿಸಲು ಡಿಎನ್‌ಎಯ ಒಂದು ತುಣುಕನ್ನು ಓದಿಸುವುದು) ಮಾಡಿಸಿದ್ದೇವೆ. ಮಣ್ಣಿನಲ್ಲಿರುವ ಶಿಲೀಂಧ್ರಗಳ ದೊಡ್ಡ ಪಟ್ಟಿ ಬಂದಿದೆ. ಒಣಗುವ ಮರಗಳ ಕಡೆ ಫ್ಯುಸೇರಿಯಂ (ಗಿಡಗಳಿಗೆ ರೋಗ ತರುವ ಜಾತಿಗಳೂ ಇರುವ ಶಿಲೀಂಧ್ರ ಕುಲ) ಜಾಸ್ತಿ, ಮೈಕೋರೈಜಾ (ಬೇರಿನ ಜೊತೆ ಕೊಡುಕೊಳ್ಳುತ್ತಾ ಬದುಕುವ ಶಿಲೀಂಧ್ರ) ಗುಂಪುಗಳು ಕಡಿಮೆ. ಲೆಕ್ಕದ ಪ್ರಕಾರ ವ್ಯತ್ಯಾಸ ಗಟ್ಟಿಯಾಗಿಯೇ ಇದೆ.

ನನ್ನ ಗೈಡ್ ಮಣ್ಣಿನ ರಸಾಯನಶಾಸ್ತ್ರದವರು. "ರೋಗಕಾರಕ ಸಿಕ್ಕಿತಲ್ಲ, ಬರೆದುಬಿಡು" ಅನ್ನುತ್ತಾರೆ. ನನಗೆ ಕೈ ಓಡುತ್ತಿಲ್ಲ. ಈ ಪಟ್ಟಿ ಇಟ್ಟುಕೊಂಡು ಎಷ್ಟು ಹೇಳಬಹುದು? ಅದಕ್ಕಿಂತ ಜಾಸ್ತಿ ಹೇಳಬೇಕು ಅಂದರೆ ಏನು ಮಾಡಬೇಕು? ಫೆಲೋಶಿಪ್ ಮುಗಿಯುವುದರೊಳಗೆ ಆಗುವಂಥದ್ದನ್ನು ಹೇಳಿ ದಯವಿಟ್ಟು.

ತೊಗಟೆಪಟ್ಟೆ

ಕೈ ಓಡದೇ ಇರುವುದು ಒಳ್ಳೆಯ ಲಕ್ಷಣ. ನಾನು ಮರದ ರೋಗಗಳ ಕೆಲಸ ಮಾಡಿ ನಿವೃತ್ತನಾದವನು, ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಒಂದು ಮರಕ್ಕೆ ಸಿಡಿಲು ಬಡಿದು ಸಾಯುತ್ತಿದೆ ಅಂತ ಇಟ್ಟುಕೊಳ್ಳಿ. ಎಲೆ ಉದುರುತ್ತದೆ, ಬೇರಿಗೆ ಸಕ್ಕರೆ ಹೋಗುವುದು ನಿಲ್ಲುತ್ತದೆ. ಆ ಸಕ್ಕರೆ ನಂಬಿಕೊಂಡಿದ್ದ ಮೈಕೋರೈಜಾ ಕಡಿಮೆಯಾಗುತ್ತದೆ. ಸಾಯುತ್ತಿರುವ ಸಣ್ಣ ಬೇರುಗಳನ್ನು ತಿನ್ನಲು ಫ್ಯುಸೇರಿಯಂ ಥರದವು ಬರುತ್ತವೆ. ಈಗ ನಿಮ್ಮ ಪಟ್ಟಿ ನೋಡಿ. ಸಿಡಿಲಿಗೆ ಸತ್ತ ಮರದಲ್ಲೂ ಇದೇ ಪಟ್ಟಿ ಬರುತ್ತಿತ್ತು, ಅಲ್ವಾ? ಮೊದಲು ಬಂದವರು ಯಾರು, ಆಮೇಲೆ ಬಂದವರು ಯಾರು ಅನ್ನುವುದನ್ನು ಒಂದೇ ಸಲ ತೆಗೆದ ಮಣ್ಣು ಹೇಳುವುದಿಲ್ಲ.

ನಮ್ಮ ಕ್ಷೇತ್ರದಲ್ಲಿ ಇದು ಹಳೆಯ ಜಗಳ. ನೂರು ವರ್ಷದ ಹಿಂದೆ ಯುರೋಪಿನಲ್ಲಿ ಎಲ್ಮ್ ಮರಗಳು ಸಾಯಲು ಶುರುವಾದಾಗ ಒಬ್ಬರು ಬರ ಅಂದರು, ಇನ್ನೊಬ್ಬರು ಬ್ಯಾಕ್ಟೀರಿಯಾ ಅಂದರು, ಯುದ್ಧದ ವಿಷಗಾಳಿ ಅಂದವರೂ ಇದ್ದರು. ನೆದರ್ಲೆಂಡ್ಸ್‌ನಲ್ಲಿ ಯೊಹಾನಾ ವೆಸ್ಟರ್‌ಡೈಕ್ ಅವರ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಬೆಯಾ ಶ್ವಾರ್ಟ್ಸ್ ಸತ್ತ ಕೊಂಬೆಗಳಿಂದ ಒಂದು ಶಿಲೀಂಧ್ರ ಬೆಳೆಸಿ ತೆಗೆದು, 1922ರಲ್ಲಿ ಇದೇ ಕಾರಣ ಎಂದು ಬರೆದರು. ಎಷ್ಟೋ ಜನ ಒಪ್ಪಲಿಲ್ಲ. ಅದೇ ಲ್ಯಾಬಿನ ಇನ್ನೊಬ್ಬ ಯುವ ಸಂಶೋಧಕಿ ಕ್ರಿಸ್ಟೀನ್ ಬೌಸ್ಮನ್ ಆರೋಗ್ಯವಂತ ಎಲ್ಮ್ ಮರಗಳಿಗೆ ಆ ಶಿಲೀಂಧ್ರವನ್ನು ಚುಚ್ಚಿ, ಮತ್ತೆ ಮತ್ತೆ ಅದೇ ರೋಗ ಬರಿಸಿ ತೋರಿಸಿದ ಮೇಲೇ ವಾದ ನಿಂತಿದ್ದು. ಅದು 1927ರ ಸುಮಾರಿಗೆ. ಇಬ್ಬರೂ ನಿಮ್ಮ ವಯಸ್ಸಿನವರೇ. ಶ್ವಾರ್ಟ್ಸ್ ಹತ್ತಿರ ಶಿಲೀಂಧ್ರದ ಕಲ್ಚರ್, ಅಂದರೆ ಲ್ಯಾಬಿನಲ್ಲಿ ಬೆಳೆಸಿದ ಜೀವಂತ ಶಿಲೀಂಧ್ರವೇ ಇತ್ತು. ಹಾಗಿದ್ದೂ ಐದು ವರ್ಷ ನಂಬಲಿಲ್ಲ. ನಿಮ್ಮ ಹತ್ತಿರ ಇರುವುದು ಡಿಎನ್‌ಎ ಸಾಲು ಮಾತ್ರ.

ಚುಟುಕಾಗಿ: ಕಲ್ಚರ್ ಮಾಡಿ, ಸಸಿಗೆ ಹಾಕಿ ನೋಡಿ, ಆಮೇಲೆ ಬರೆಯಿರಿ.

ಎಳೆಎಳೆ

ತೊಗಟೆಪಟ್ಟೆ ಸರ್ ಹೇಳಿದ ತತ್ವ ಸರಿ. ಆದರೆ "ಆಮೇಲೆ ಬರೆಯಿರಿ" ಅನ್ನುವುದಕ್ಕೆ ನನ್ನ ತಕರಾರು ಇದೆ, ಅದಕ್ಕೆ ಕೊನೆಗೆ ಬರುತ್ತೇನೆ. ಮೊದಲು ಡೇಟಾ.

ನೀವು "ಜಾಸ್ತಿ", "ಕಡಿಮೆ" ಅಂದಿರಲ್ಲ, ಅದು ಶೇಕಡಾವಾರು ರೀಡ್‌ಗಳ (ಓದಿ ಬಂದ ಡಿಎನ್‌ಎ ತುಣುಕುಗಳ) ಲೆಕ್ಕವಾ? ಹಾಗಿದ್ದರೆ ಅಲ್ಲೇ ಒಂದು ಗುಂಡಿ ಇದೆ. ಸೀಕ್ವೆನ್ಸರ್ ಕೊಡುವ ಒಟ್ಟು ರೀಡ್‌ಗಳಿಗೆ ಮಿತಿ ಇರುತ್ತದೆ. ಮೈಕೋರೈಜಾ ಸತ್ತು ಅವುಗಳ ಪಾಲು ಇಳಿದರೆ, ಫ್ಯುಸೇರಿಯಂ ಒಂದು ಎಳೆಯಷ್ಟೂ ಬೆಳೆಯದೇ ಇದ್ದರೂ ಅದರ ಪಾಲು ತಾನಾಗಿ ಏರುತ್ತದೆ. ನಿಮ್ಮ ಎರಡು ಫಲಿತಾಂಶಗಳು ನಿಜಕ್ಕೂ ಒಂದೇ ಫಲಿತಾಂಶ ಇರಬಹುದು. ಉಳಿದ ಡಿಎನ್‌ಎ ಫ್ರೀಜರಿನಲ್ಲಿದ್ದರೆ ಕ್ಯುಪಿಸಿಆರ್ ಮಾಡಿ, ಒಂದು ಗ್ರಾಂ ಮಣ್ಣಿನಲ್ಲಿ ಫ್ಯುಸೇರಿಯಂ ಎಷ್ಟಿದೆ ಅಂತ ನೇರವಾಗಿ ಅಳೆಯಿರಿ.

ಇನ್ನು, ಐಟಿಎಸ್ ಪ್ರತಿಗಳ ಸಂಖ್ಯೆ ಒಂದು ಜಾತಿಯಿಂದ ಇನ್ನೊಂದು ಜಾತಿಗೆ ಬಹಳ ಬದಲಾಗುತ್ತದೆ. ಹಾಗಾಗಿ ಎರಡು ಬೇರೆ ಬೇರೆ ಶಿಲೀಂಧ್ರಗಳ ರೀಡ್ ಹೋಲಿಸಿ "ಇದು ಅದಕ್ಕಿಂತ ಜಾಸ್ತಿ" ಅನ್ನಲಾಗದು. ಸತ್ತ ಜೀವಕೋಶಗಳ ಡಿಎನ್‌ಎ ಕೂಡ ಮಣ್ಣಿನಲ್ಲಿ ಉಳಿದು ಪಟ್ಟಿಗೆ ಸೇರಿಕೊಳ್ಳುತ್ತದೆ. ಖಾಲಿ ಕಂಟ್ರೋಲ್ (ಮಣ್ಣಿಲ್ಲದೆ ಓಡಿಸುವ ಮಾದರಿ) ಹಾಕಿದ್ದೀರಾ? ಮಾಕ್ ಕಮ್ಯುನಿಟಿ (ಮೊದಲೇ ಗೊತ್ತಿರುವ ಶಿಲೀಂಧ್ರಗಳ ಮಿಶ್ರಣ) ಹಾಕಿದ್ದೀರಾ? ಇಲ್ಲ ಅಂದರೆ ಮುಂದಿನ ಬ್ಯಾಚಿನಲ್ಲಾದರೂ ಹಾಕಿ, ವಿಮರ್ಶಕರು ಕೇಳೇ ಕೇಳುತ್ತಾರೆ.

ಶಿಲೀಂಧ್ರ ಹೇಗೆ ಬದುಕುತ್ತದೆ ಅಂತ ಹೆಸರು ನೋಡಿ ಹೇಳುವ ಫಂಗಿಲ್ಡ್ ಥರದ ಸಾಧನ ಬಳಸಿ "ಪ್ಯಾಥೋಟ್ರೋಫ್" (ರೋಗಕಾರಕ) ಅಂತ ಹಣೆಪಟ್ಟಿ ಹಚ್ಚಿದ್ದರೆ ಅದನ್ನೂ ಅನುಮಾನದಿಂದ ನೋಡಿ. ಬಹಳ ಸಲ ಆ ಹಣೆಪಟ್ಟಿ ಬರುವುದು ಕುಲದ ಹೆಸರಿನಿಂದ. ನಿಮ್ಮ ಮರದಲ್ಲಿ ಆ ಶಿಲೀಂಧ್ರ ಏನು ಮಾಡುತ್ತಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಈಗ ತಕರಾರು. ಸರ್, ಮರಕ್ಕೆ ರೋಗ ಬರಿಸಿ ನೋಡಲು ಒಂದೆರಡು ಋತು ಬೇಕು, ದೊಡ್ಡ ಮರವಾದರೆ ಇನ್ನೂ ಜಾಸ್ತಿ. ಫೆಲೋಶಿಪ್ ಅಷ್ಟು ಕಾಯುವುದಿಲ್ಲ. ಈ ಪಟ್ಟಿಯನ್ನು "ಒಣಗುವ ಮರಗಳ ಜೊತೆ ಕಾಣುವ ಬದಲಾವಣೆಗಳು" ಅಂತ ಪ್ರಾಮಾಣಿಕವಾಗಿ ಬರೆದರೆ ತಪ್ಪೇನು? ಕಾರಣ ಅಂತ ಹೇಳಬೇಡಿ, ಅಷ್ಟೇ.

ತೊಗಟೆಪಟ್ಟೆ

ತಪ್ಪಿಲ್ಲ. ಆದರೆ ಅಂಥ ಪೇಪರ್‌ಗಳ ಕೊನೆಯ ಪ್ಯಾರಾದಲ್ಲಿ "ಇದು ಮರಗಳ ಸಾವಿಗೆ ಕಾರಣವಾಗಿರಬಹುದು" ಅಂತ ಒಂದು ವಾಕ್ಯ ನುಸುಳುತ್ತದೆ. ಮುಂದಿನವರು ಅದನ್ನು ಉಲ್ಲೇಖಿಸುವಾಗ "ಬಹುದು" ಉದುರಿಹೋಗುತ್ತದೆ. ನನ್ನ ಸಿಟ್ಟು ಆ ವಾಕ್ಯದ ಮೇಲೆ.

ಎಳೆಎಳೆ

ಹಾಗಾದರೆ ಆ ವಾಕ್ಯ ಹೊಡೆದುಹಾಕೋಣ, ಪೇಪರ್ ಇರಲಿ :)

ಬೀಜಕ

ವರ್ಗೀಕರಣದ ಕಡೆಯಿಂದ ಒಂದು ಮಾತು. "ಫ್ಯುಸೇರಿಯಂ" ಅಂದರೆ ಯಾವ ಫ್ಯುಸೇರಿಯಂ? ಐಟಿಎಸ್‌ನಿಂದ ಆ ಕುಲದ ಎಷ್ಟೋ ಜಾತಿಗಳನ್ನು ಬಿಡಿಸಿ ಹೇಳಲು ಆಗುವುದಿಲ್ಲ. ಅದಕ್ಕೆ ಟಿಇಎಫ್1 ಅನ್ನುವ ಇನ್ನೊಂದು ಜೀನ್ ಓದಿಸಬೇಕು, ಓದಿಸಲು ಕಲ್ಚರ್ ಇದ್ದರೆ ಸುಲಭ. ಒಂದೇ ಕುಲದಲ್ಲಿ ಬೇರು ಕೊಳೆಸುವವೂ ಇವೆ, ಬೇರಿನೊಳಗೆ ಸುಮ್ನೆ ಕೂತಿರುವ ಎಂಡೋಫೈಟ್‌ಗಳೂ ಇವೆ, ಕಸ ತಿಂದು ಬದುಕುವವೂ ಇವೆ. ಕುಲದ ಹೆಸರು ಹಿಡಿದು ಕೊಲೆಗಾರ ಅನ್ನುವುದು ಮನೆತನದ ಹೆಸರು ನೋಡಿ ಕಳ್ಳನನ್ನು ಹಿಡಿದ ಹಾಗೆ.

ಜಾತಿ ಮಟ್ಟಕ್ಕೆ ಹೋಗದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಆಶ್ ಮರದ ಕಥೆ ಓದಿ. ಪೋಲೆಂಡಿನಲ್ಲಿ ಆಶ್ ಮರಗಳು ಒಣಗುತ್ತಿವೆ ಅಂತ ಗಮನಿಸಿದ್ದು 1990ರ ದಶಕದ ಆರಂಭದಲ್ಲಿ. ಕಾರಣವಾದ ಶಿಲೀಂಧ್ರಕ್ಕೆ ತಡೇಯುಶ್ ಕೊವಾಲ್ಸ್ಕಿ ಹೆಸರಿಟ್ಟಿದ್ದು 2006ರಲ್ಲಿ, ಅದೂ ಅದರ ಲೈಂಗಿಕವಲ್ಲದ ರೂಪಕ್ಕೆ: ಚಲಾರಾ ಫ್ರಾಕ್ಸಿನಿಯಾ. 2009ರಲ್ಲಿ ಅದರ ಲೈಂಗಿಕ ರೂಪ ಯುರೋಪಿನಲ್ಲೇ ಹಿಂದಿನಿಂದ ಇದ್ದ ಪಾಪದ ಶಿಲೀಂಧ್ರ ಹೈಮೆನೋಸ್ಕೈಫಸ್ ಆಲ್ಬಿಡಸ್ ಅಂತ ತೋರಿತು. ಎಲ್ಲರಿಗೂ ಗೊಂದಲ. ಇಷ್ಟು ಕಾಲ ಉದುರಿದ ಎಲೆ ತಿಂದುಕೊಂಡಿದ್ದದ್ದು ಈಗ ಯಾಕೆ ಮರ ಕೊಲ್ಲುತ್ತಿದೆ? 2011ರಲ್ಲಿ ಜೀನ್‌ಗಳನ್ನು ಸರಿಯಾಗಿ ಹೋಲಿಸಿದಾಗ ಅದು ನೋಡಲು ಹಾಗೇ ಇರುವ ಬೇರೆಯೇ ಜಾತಿ ಅಂತ ಗೊತ್ತಾಯಿತು. ಹೊರಗಿನಿಂದ ಬಂದದ್ದು. ಪೂರ್ವ ಏಷ್ಯಾದಲ್ಲಿ ಅಲ್ಲಿನ ಆಶ್ ಮರದ ಎಲೆಗಳಲ್ಲಿ ಹೆಚ್ಚೇನೂ ಹಾನಿ ಮಾಡದೆ ಬದುಕುತ್ತದೆ. ಈಗಿನ ಹೆಸರು ಹೈಮೆನೋಸ್ಕೈಫಸ್ ಫ್ರಾಕ್ಸಿನಿಯಸ್ ನೆಲೆ ನಿಂತಿದ್ದು 2014ರಲ್ಲಿ.

ಹೆಸರು ಬರೀ ಹೆಸರಲ್ಲ ನೋಡಿ. "ಇಲ್ಲಿಯದೇ ಶಿಲೀಂಧ್ರ, ಹವಾಮಾನದಿಂದ ಕೆರಳಿದೆ" ಅಂದುಕೊಂಡರೆ ಮಾಡುವ ಕೆಲಸ ಒಂದು. "ಹೊರಗಿನಿಂದ ಬಂದಿದೆ" ಅಂದರೆ ಸಸಿಗಳ ಸಾಗಣೆ ನಿಲ್ಲಿಸುವುದೇ ಮೊದಲ ಕೆಲಸ.

ಇದೆಲ್ಲಾ ಗೊತ್ತಿದ್ದೂ ವರ್ಗೀಕರಣ ಕಲಿತವರಿಗೆ ಕೆಲಸ ಕೊಡುವವರಿಲ್ಲ. ಅದು ಬೇರೆ ಗೋಳು. ಜಗತ್ತಿನಲ್ಲಿ ಶಿಲೀಂಧ್ರಗಳ ಜಾತಿ 20 ಲಕ್ಷಕ್ಕೂ ಮೇಲೆ ಇರಬಹುದು ಅನ್ನುವ ಅಂದಾಜಿದೆ, ಹೆಸರಿಟ್ಟಿರುವುದು ಸುಮಾರು ಒಂದೂವರೆ ಲಕ್ಷಕ್ಕೆ. ಕೆಲಸ ಬೇಕಾದಷ್ಟಿದೆ, ಹುದ್ದೆ ಇಲ್ಲ.

ಕಾಡುದಾರಿ

ನಾನು ಲ್ಯಾಬಿನವನಲ್ಲ, ಕಾಡಿನಲ್ಲಿ ಮರಗಳ ಆರೋಗ್ಯ ಸಮೀಕ್ಷೆ ಮಾಡುವವನು. ಇಷ್ಟು ಹೊತ್ತು ಎಲ್ಲರೂ ಡಿಎನ್‌ಎ, ಕಲ್ಚರ್ ಅಂತಲೇ ಮಾತಾಡಿದಿರಿ. ಮರವನ್ನು ಯಾರಾದರೂ ನೋಡಿದಿರಾ?

ಒಣಗಿದ ಮರಗಳನ್ನು ಮೊದಲು ನಕ್ಷೆ ಮೇಲೆ ಗುರುತು ಹಾಕಿ. ಒಂದು ಕೇಂದ್ರದಿಂದ ವೃತ್ತದ ಹಾಗೆ ಹರಡುತ್ತಿದ್ದರೆ ಬೇರಿನಿಂದ ಬೇರಿಗೆ ದಾಟುವ ರೋಗದ ಅನುಮಾನ ಬರಬೇಕು. ಅಮೆರಿಕದ ಒರೆಗಾನ್‌ನಲ್ಲಿ ಸುಮಾರು 965 ಹೆಕ್ಟೇರ್ ಹರಡಿರುವ ಒಂದೇ ಆರ್ಮಿಲೇರಿಯಾ ಶಿಲೀಂಧ್ರ ಇದೆಯಲ್ಲ, ಅಲ್ಲೂ ಸತ್ತ ಮರಗಳ ಗುಂಪುಗಳೇ ಸುಳಿವು. ಗುಡ್ಡದ ನೆತ್ತಿಯ ಮೇಲೆ, ತೆಳು ಮಣ್ಣಿನಲ್ಲಿ ಮಾತ್ರ ಒಣಗಿದ್ದರೆ ನೀರಿನ ಕೊರತೆ ನೋಡಿ. ಹಳ್ಳದ ದಂಡೆಯುದ್ದಕ್ಕೆ ಒಣಗಿದ್ದರೆ ಫೈಟಾಫ್ತೋರಾ ನೋಡಿ.

ಫೈಟಾಫ್ತೋರಾ ಯಾಕೆ ಹೇಳಿದೆ ಅಂದರೆ, ಅದು ಶಿಲೀಂಧ್ರವೇ ಅಲ್ಲ, ಊಮೈಸೀಟ್, ಅಂದರೆ ಶಿಲೀಂಧ್ರದ ಹಾಗೆ ಕಾಣುವ ಬೇರೆ ಗುಂಪಿನ ಜೀವಿ. ಶಿಲೀಂಧ್ರಕ್ಕೆ ಅಂತ ಮಾಡಿದ ಪ್ರೈಮರ್‌ಗಳ (ಬೇಕಾದ ಡಿಎನ್‌ಎ ಹಿಡಿಯುವ ಸಣ್ಣ ತುಣುಕುಗಳ) ಬಲೆಗೆ ಬಹಳ ಸಲ ಬೀಳುವುದೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಓಕ್ ಮರಗಳು 1990ರ ದಶಕದ ಮಧ್ಯದಿಂದ ದಿಢೀರ್ ಸಾಯತೊಡಗಿದವು, ಕಾರಣ ಫೈಟಾಫ್ತೋರಾ ರಮೋರಂ ಅಂತ ಪತ್ತೆಯಾಗಿದ್ದು 2000ದಲ್ಲಿ. ನಿಮ್ಮ ಪಟ್ಟಿಯಲ್ಲಿ ಫೈಟಾಫ್ತೋರಾ ಇಲ್ಲ ಅಂದ ಮಾತ್ರಕ್ಕೆ ಮಣ್ಣಿನಲ್ಲಿ ಇಲ್ಲ ಅಂತಲ್ಲ. ಪರೀಕ್ಷೆ ಕಷ್ಟವೇನಲ್ಲ. ಮಣ್ಣನ್ನು ನೀರಿಗೆ ಹಾಕಿ, ಮೇಲೆ ಎಳೆ ಎಲೆ ತೇಲಿಬಿಡಿ. ಈಜುವ ಬೀಜಕಗಳು ಎಲೆಗೆ ಅಂಟಿ ಕೆಲವು ದಿನಗಳಲ್ಲಿ ಕಂದು ಮಚ್ಚೆ ಬರುತ್ತದೆ. ಆ ಮಚ್ಚೆಯಿಂದ ಕಲ್ಚರ್ ತೆಗೆಯಬಹುದು.

ಆಮೇಲೆ ಬುಡ ಬಗೆಯಿರಿ. ಬೇರು ಮತ್ತು ಕಾಂಡ ಸೇರುವ ಜಾಗದಲ್ಲಿ ತೊಗಟೆ ಎಬ್ಬಿಸಿ ನೋಡಿ. ಬೀಸಣಿಗೆಯಂತೆ ಹರಡಿದ ಬಿಳಿ ಪದರ, ಕಪ್ಪು ದಾರದಂಥ ಎಳೆಗಳು ಕಂಡರೆ ಅದು ಆರ್ಮಿಲೇರಿಯಾ. ಇದಕ್ಕೆ ಸೀಕ್ವೆನ್ಸರ್ ಬೇಡ, ಕೈಗುದ್ದಲಿ ಸಾಕು. ಕಾಂಡದಲ್ಲಿ ಸಣ್ಣ ತೂತು, ಮರದ ಪುಡಿ ಇದೆಯಾ ನೋಡಿ, ಹುಳು ತಂದ ಶಿಲೀಂಧ್ರವೂ ಇರಬಹುದು. ಅಮೆರಿಕದ ಲಾರೆಲ್ ವಿಲ್ಟ್ ರೋಗ ಹಾಗೇ. ಏಷ್ಯಾದಿಂದ ಬಂದ ಒಂದು ಚಿಕ್ಕ ದುಂಬಿ ಶಿಲೀಂಧ್ರವನ್ನು ಹೊತ್ತು ತಂದಿತು, 2002ರಲ್ಲಿ ಜಾರ್ಜಿಯಾದಲ್ಲಿ ಮೊದಲು ಸಿಕ್ಕಿತು. ಅಂಥ ಮರದ ಬುಡದ ಮಣ್ಣನ್ನು ಎಷ್ಟು ಓದಿಸಿದರೂ ಉತ್ತರ ಸಿಗುವುದಿಲ್ಲ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ: ಮುಖಗವಸು ಹಾಕಿಕೊಳ್ಳಿ. ಮೇಪಲ್ ಮರಗಳ ತೊಗಟೆಯಡಿ ಮಸಿಯಂಥ ಪುಡಿ ಬರಿಸುವ ಕ್ರಿಪ್ಟೋಸ್ಟ್ರೋಮಾ ಅನ್ನುವುದರ ಬೀಜಕ ಉಸಿರಿಗೆ ಹೋದರೆ ಶ್ವಾಸಕೋಶದ ಕಾಯಿಲೆ ಬರುತ್ತದೆ. ತೊಗಟೆ ಸುಲಿಯುವ ಕೆಲಸಗಾರರಲ್ಲಿ ಇದು ಹಿಂದಿನಿಂದ ಗೊತ್ತಿರುವ ತೊಂದರೆ.

ಹೊಸಚಿಗುರು

ಕಾಡುದಾರಿ ಅವರೇ, ನಿಜ ಹೇಳಬೇಕೆಂದರೆ ಒಣಗುವ ಮರಗಳು ಇಳಿಜಾರಿನ ಮೇಲ್ಭಾಗದಲ್ಲೇ ಜಾಸ್ತಿ. ಎರಡು ವರ್ಷ ಮಳೆಯೂ ಕಡಿಮೆ ಇತ್ತು. ಹಾಗಾದರೆ ಇದು ಬರೀ ಬರವಾ? ಶಿಲೀಂಧ್ರದ ಪಾತ್ರವೇ ಇಲ್ಲವಾ?

ತೊಗಟೆಪಟ್ಟೆ

"ಬರವೋ ಶಿಲೀಂಧ್ರವೋ" ಅಂತ ಆಯ್ಕೆ ಮಾಡಬೇಕಾಗಿಲ್ಲ. ಚೆಸ್ಟ್‌ನಟ್ ಬ್ಲೈಟ್ ಥರದ ರೋಗಗಳು ಬೇರೆ. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಂಡದ್ದು ಅರ್ಧ ಶತಮಾನದಲ್ಲಿ ಸುಮಾರು 400 ಕೋಟಿ ಮರ ತಿಂದುಹಾಕಿತು. ಅಲ್ಲಿ ಮರ ಗಟ್ಟಿಯಿದ್ದರೂ ಸಾಯುತ್ತದೆ. ಕಾಡಿನಲ್ಲಿ ನಾವು ದಿನವೂ ನೋಡುವ ಒಣಗುವಿಕೆ ಬಹುಪಾಲು ಹಾಗಲ್ಲ. ಪಾಲ್ ಮ್ಯಾನಿಯನ್ 1981ರಲ್ಲಿ ಇದನ್ನು ಮೂರು ಹಂತವಾಗಿ ಬಿಡಿಸಿದರು. ಕಳಪೆ ಮಣ್ಣು, ವಯಸ್ಸು ಮುಂತಾದವು ಮರವನ್ನು ಮೊದಲೇ ಬಡವಾಗಿಸಿರುತ್ತವೆ. ಬರ, ಹಿಮ, ಎಲೆ ತಿನ್ನುವ ಹುಳುಗಳಂಥವು ತಳ್ಳುತ್ತವೆ. ಕೊನೆಗೆ ಬೇರು ಕೊಳೆ, ಕಾಂಡದ ಹುಣ್ಣು, ತೊಗಟೆ ದುಂಬಿ ಬಂದು ಮುಗಿಸುತ್ತವೆ.

ಕೊನೆಗೆ ಬಂದದ್ದು ಮುಖ್ಯವಲ್ಲ ಅಂತಲ್ಲ. ಅದು ಬರದೇ ಇದ್ದರೆ ಮಳೆ ಬಂದ ಮೇಲೆ ಮರ ಚೇತರಿಸಿಕೊಳ್ಳುತ್ತಿತ್ತೋ ಏನೋ. ಪೈನ್ ಮರಗಳಲ್ಲಿ ಡಿಪ್ಲೋಡಿಯಾ ಸಪೀನಿಯಾ ವರ್ಷಗಟ್ಟಲೆ ಒಳಗೇ ತೆಪ್ಪಗಿರುತ್ತದೆ. ಬರ ಬಂದಾಗ, ಆಲಿಕಲ್ಲು ಬಿದ್ದು ಗಾಯವಾದಾಗ ಎದ್ದು ಕೊಂಬೆ ಒಣಗಿಸುತ್ತದೆ. ಅಲ್ಲಿ ಕೊಂದವರು ಯಾರು ಅಂತ ಕೇಳಿದರೆ ಎರಡೂ ಅನ್ನಬೇಕು.

ನಿಮ್ಮ ಪ್ರಯೋಗಕ್ಕೆ ಇದು ಅನುಕೂಲವೇ. ಸಸಿಗಳನ್ನು ನಾಲ್ಕು ಗುಂಪು ಮಾಡಿ. ನೀರಿದೆ, ಶಿಲೀಂಧ್ರ ಇಲ್ಲ. ನೀರಿದೆ, ಶಿಲೀಂಧ್ರ ಇದೆ. ನೀರಿಲ್ಲ, ಶಿಲೀಂಧ್ರ ಇಲ್ಲ. ಎರಡೂ ಕಷ್ಟ ಒಟ್ಟಿಗೆ. ಶಿಲೀಂಧ್ರ ಹಾಕದ ಸಸಿಗೂ ಅಷ್ಟೇ ಗಾಯ ಮಾಡಿ, ಬರೀ ಅಗರ್ (ಶಿಲೀಂಧ್ರ ಬೆಳೆಸುವ ಜೆಲ್ಲಿ) ತುಂಡು ಇಡಿ. ಇಲ್ಲದಿದ್ದರೆ ಗಾಯದ ಪರಿಣಾಮವನ್ನೇ ರೋಗ ಅಂದುಕೊಳ್ಳುತ್ತೀರಿ. ಕೊನೆಯಲ್ಲಿ ಸತ್ತ ಸಸಿಯಿಂದ ಅದೇ ಶಿಲೀಂಧ್ರ ಮತ್ತೆ ಬೆಳೆದು ಬರಬೇಕು. ಈ ಹೆಜ್ಜೆ ಮಾಡದೇ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.

ಮರಗಪ್ಪೆ

ಮಧ್ಯೆ ಬಾಯಿ ಹಾಕುತ್ತೇನೆ. ಮೈಕೋರೈಜಾ ಕಡಿಮೆಯಾಗಿದೆ ಅಂತ ಇದೆಯಲ್ಲ, "ತಾಯಿ ಮರ ಮೈಕೋರೈಜಾ ಎಳೆಗಳ ಮೂಲಕ ಮಕ್ಕಳಿಗೆ ಕಳಿಸುವ ಆಹಾರ ನಿಂತುಹೋಯಿತು" ಅಂತ ಬರೆದರೆ ಪತ್ರಿಕೆಯವರು ಮುಗಿಬೀಳುತ್ತಾರೆ. ಗೈಡ್ ಕೂಡ ಖುಷಿ.

ಬೀಜಕ

ತಮಾಷೆ ಅಂತ ಗೊತ್ತು, ಆದರೂ ಹೊಸಬರು ನಿಜ ಅಂದುಕೊಂಡಾರು. ಸುಝಾನ್ ಸಿಮಾರ್ಡ್ ತಮ್ಮ ಪಿಎಚ್‌ಡಿ ಕೆಲಸದಿಂದ 1997ರಲ್ಲಿ ಪ್ರಕಟಿಸಿದ ಪ್ರಯೋಗ ಗಟ್ಟಿಯಾದದ್ದು, ಬರ್ಚ್ ಮತ್ತು ಡಗ್ಲಾಸ್ ಫರ್ ಸಸಿಗಳ ನಡುವೆ ಇಂಗಾಲ ದಾಟುತ್ತದೆ ಅಂತ ತೋರಿಸಿತು. ಜನರ ಬಾಯಲ್ಲಿ ಓಡಾಡುವ ಕಥೆ ಅಲ್ಲಿಂದ ಬಹಳ ದೂರ ಹೋಗಿದೆ. 2023ರಲ್ಲಿ ಜಸ್ಟೀನ್ ಕಾರ್ಸ್ಟ್ ಮತ್ತು ಜೊತೆಗಾರರು ಕಾಡಿನಲ್ಲಿ ಮಾಡಿದ ಅಧ್ಯಯನಗಳನ್ನೆಲ್ಲ ಕೂತು ಓದಿದರು. ದೊಡ್ಡ ಮರಗಳು ತಮ್ಮ ಸಂತಾನವನ್ನೇ ಗುರುತಿಸಿ ಆಹಾರ ಕಳಿಸುತ್ತವೆ ಅನ್ನುವುದಕ್ಕೆ ಕಾಡಿನಿಂದ ಪ್ರಕಟವಾದ ಪುರಾವೆ ಅವರಿಗೆ ಸಿಗಲಿಲ್ಲ. ವಿಜ್ಞಾನದ ಪೇಪರ್‌ಗಳೇ ಹಳೆಯ ಫಲಿತಾಂಶಗಳನ್ನು ಹಿಗ್ಗಿಸಿ ಉಲ್ಲೇಖಿಸಿವೆ ಅಂತಲೂ ತೋರಿಸಿದರು. ಸರ್ ಹೇಳಿದ "ಬಹುದು" ಉದುರುವ ವಿದ್ಯೆ ಇದೇ.

ಕಾಡುದಾರಿ

ಕಾಡು ನೋಡಿಕೊಳ್ಳುವವರಿಗೆ ಬೇಕಾದದ್ದು ದೊಡ್ಡ ಕಥೆಯೂ ಅಲ್ಲ, ದೊಡ್ಡ ಪಟ್ಟಿಯೂ ಅಲ್ಲ. ಹೆಟೆರೋಬೇಸಿಡಿಯಾನ್ ಅನ್ನುವ ಶಿಲೀಂಧ್ರ ತರುವ ಬೇರು ಕೊಳೆ ನೋಡಿ. ಮರ ಕಡಿದಾಗ ಹಸಿ ಮೋಟಿನ ಮೇಲೆ ಅದರ ಬೀಜಕ ಬೀಳುತ್ತದೆ, ಮೋಟಿನ ಬೇರಿನಿಂದ ಪಕ್ಕದ ಮರದ ಬೇರಿಗೆ ದಾಟುತ್ತದೆ. ಬ್ರಿಟನ್ನಿನ ಜಾನ್ ರಿಷ್‌ಬೆತ್ ಇದನ್ನು ಬಿಡಿಸಿ ತೋರಿಸಿ, ಮೋಟಿಗೆ ಫ್ಲೆಬಿಯಾಪ್ಸಿಸ್ ಜೈಗಾಂಟಿಯಾ ಅನ್ನುವ ಮರ ಕೊಳೆಸುವ ಶಿಲೀಂಧ್ರವನ್ನು ಮೊದಲೇ ಹಚ್ಚುವ ಉಪಾಯ ಕೊಟ್ಟರು. ಅದು ಜಾಗ ಹಿಡಿದರೆ ರೋಗಕ್ಕೆ ಜಾಗವಿಲ್ಲ. ಯುರೋಪಿನಲ್ಲಿ ಇಂದಿಗೂ ಬಳಸುತ್ತಾರೆ. ಶಿಲೀಂಧ್ರ ಯಾವ ಬಾಗಿಲಿನಿಂದ ಒಳಗೆ ಬರುತ್ತದೆ ಅಂತ ಹೇಳಿ, ಅಷ್ಟು ಸಾಕು ನಮಗೆ.

ಎಳೆಎಳೆ

ಒಪ್ಪಿದೆ. ಆದರೆ ರಿಷ್‌ಬೆತ್ ಅವರ ಕೆಲಸ ದಶಕಗಟ್ಟಲೆ ನಡೆದದ್ದು. ಈಗಿನ ಹುಡುಗ ಹುಡುಗಿಯರು ಎರಡು ವರ್ಷದ ಪೋಸ್ಟ್‌ಡಾಕ್, ಇನ್ನೊಂದು ಊರು, ಇನ್ನೊಂದು ಮರ, ಇನ್ನೊಂದು ಶಿಲೀಂಧ್ರ ಅಂತ ಓಡುತ್ತಿರುತ್ತಾರೆ. ಮರ ನಿಧಾನ, ಹಣ ಅವಸರ. ಹಿರಿಯರು "ತಾಳ್ಮೆ ಇರಲಿ" ಅನ್ನುವಾಗ ಆ ತಾಳ್ಮೆಗೆ ಸಂಬಳ ಕೊಡುವವರು ಯಾರು ಅಂತಲೂ ಹೇಳಬೇಕು.

ಹಾಗಾಗಿ ಹೊಸಚಿಗುರು, ನನ್ನ ಸಲಹೆ: ಹಳೆಯ ಕಾಯಂ ಪ್ಲಾಟ್‌ಗಳು ಎಲ್ಲಿವೆ ಹುಡುಕಿ. ಮರಗಳಿಗೆ ನಂಬರ್ ಹಾಕಿ ವರ್ಷ ವರ್ಷ ಅಳೆದಿಟ್ಟ ಜಾಗಗಳು. ಕಾಲದ ಅಳತೆಯನ್ನು ಬೇರೆಯವರು ಆಗಲೇ ಮಾಡಿಟ್ಟಿರುತ್ತಾರೆ, ನೀವು ಶಿಲೀಂಧ್ರ ಸೇರಿಸಿದರೆ ಆಯಿತು. ಅದು ಸಿಗದಿದ್ದರೆ ಪೂರ್ತಿ ಚೆನ್ನಾಗಿರುವ, ಈಗಷ್ಟೇ ಲಕ್ಷಣ ಕಂಡ, ಅರ್ಧ ಒಣಗಿದ ಮರಗಳನ್ನು ಬೇರೆ ಬೇರೆ ಗುಂಪಾಗಿ ತೆಗೆಯಿರಿ. ಈಗಷ್ಟೇ ಲಕ್ಷಣ ಕಂಡ ಮರಗಳಲ್ಲೂ ಅದೇ ಫ್ಯುಸೇರಿಯಂ ಇದ್ದರೆ ಸ್ವಲ್ಪ ಬಲ ಬಂತು. ಅರ್ಧ ಒಣಗಿದವುಗಳಲ್ಲಿ ಮಾತ್ರ ಇದ್ದರೆ ಅದು ಆಮೇಲೆ ಬಂದ ಅತಿಥಿ.

ತೊಗಟೆಪಟ್ಟೆ

ಸಂಬಳದ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ನಮ್ಮ ಕಾಲದಲ್ಲಿ ಹುದ್ದೆ ಕಾಯಂ ಇತ್ತು, ಅದಕ್ಕೇ ತಾಳ್ಮೆಯೂ ಇತ್ತು. ಲಕ್ಷಣದ ಹಂತ ನೋಡಿ ಮರ ಆರಿಸುವ ಸಲಹೆ ಚೆನ್ನಾಗಿದೆ.

ಹೊಸಚಿಗುರು

ಎಲ್ಲರಿಗೂ ಧನ್ಯವಾದ. ಗೈಡ್ ಹತ್ತಿರ ಮಾತಾಡಿದೆ. ಶೀರ್ಷಿಕೆಯಿಂದ "ರೋಗಕಾರಕ" ತೆಗೆಯಲು ಒಪ್ಪಿದರು, ಸಸಿ ಪ್ರಯೋಗಕ್ಕೆ ಪೂರ್ತಿ ಒಪ್ಪಿಲ್ಲ. ಕಲ್ಚರ್ ಮಾಡುವುದು ನನಗೆ ಹೊಸದು. ಬೇರಿನ ಯಾವ ಭಾಗ ತೆಗೆಯಬೇಕು? ಸಿಕ್ಕಿದ ಕಲ್ಚರ್‌ಗಳನ್ನು ಹೇಗೆ ಉಳಿಸುವುದು? ನಮ್ಮಲ್ಲಿ ಮೈನಸ್ 80 ಫ್ರೀಜರ್ ಆಗಾಗ ಕೈಕೊಡುತ್ತದೆ.

ಬೀಜಕ

ಸತ್ತ ಭಾಗದ ನಡುವಿನಿಂದ ತೆಗೆಯಬೇಡಿ, ಅಲ್ಲಿ ಕೊಳೆ ತಿನ್ನುವವೇ ಸಿಗುತ್ತವೆ. ಜೀವಂತ ಭಾಗ ಮತ್ತು ಸತ್ತ ಭಾಗ ಸೇರುವ ಅಂಚಿನಿಂದ ಸಣ್ಣ ತುಂಡು ಕತ್ತರಿಸಿ. ಮೊದಲು ಮೇಲ್ಮೈ ಶುದ್ಧ ಮಾಡಿ, ಬ್ಲೀಚ್ ಮತ್ತು ಆಲ್ಕೊಹಾಲ್ ಸಾಕು, ಆಮೇಲೆ ಶುದ್ಧ ನೀರಿನಲ್ಲಿ ತೊಳೆಯಿರಿ. ಆಂಟಿಬಯೋಟಿಕ್ ಹಾಕಿದ ಅಗರ್ ಮೇಲಿಡಿ. ಬೇಗ ಬೆಳೆಯುವ ಟ್ರೈಕೋಡರ್ಮಾ ಪ್ಲೇಟ್ ಪೂರ್ತಿ ಆವರಿಸುವ ಮುಂಚೆ ನಿಧಾನಕ್ಕೆ ಬರುವ ಎಳೆಗಳನ್ನು ಬೇರೆ ಪ್ಲೇಟಿಗೆ ದಾಟಿಸಿ. ದಿನವೂ ನೋಡಬೇಕು, ಭಾನುವಾರ ಕೂಡ.

ಫ್ರೀಜರ್ ನಂಬಬೇಡಿ. ಶುದ್ಧೀಕರಿಸಿದ ನೀರಿನ ಸಣ್ಣ ಸೀಸೆಯಲ್ಲಿ ಅಗರ್ ತುಂಡುಗಳನ್ನು ಹಾಕಿ ಬಿಗಿಯಾಗಿ ಮುಚ್ಚಿಟ್ಟರೆ ಬಹಳಷ್ಟು ಶಿಲೀಂಧ್ರಗಳು ವರ್ಷಗಟ್ಟಲೆ ಬದುಕುತ್ತವೆ. ಕ್ಯಾಸ್ಟೆಲ್ಲಾನಿ ವಿಧಾನ ಅಂತಾರೆ, 1939ರಿಂದ ಇದೆ, ಕರೆಂಟ್ ಬೇಡ. ಬೀಜಕ ಬಿಡದ ಅಣಬೆ ಜಾತಿಯವಕ್ಕೂ ಆಗುತ್ತದೆ, ಅವು ಒಣಗಿಸಿಡುವುದಕ್ಕೆ ಒಗ್ಗುವುದಿಲ್ಲ.

ಮುಖ್ಯವಾದವನ್ನು ಒಂದು ಸಾರ್ವಜನಿಕ ಕಲ್ಚರ್ ಸಂಗ್ರಹಕ್ಕೂ ಕೊಡಿ. ಹೊಸ ಜಾತಿ ಅಂತ ತೋರಿದರೆ ಮಾದರಿ ಇಲ್ಲದೆ ಹೆಸರಿಡಲು ಆಗುವುದಿಲ್ಲ, ಬರೀ ಡಿಎನ್‌ಎ ಸಾಲನ್ನು ನಿಯಮ ಒಪ್ಪುವುದಿಲ್ಲ. ಬೇರೆ ದೇಶಕ್ಕೆ ಕಳಿಸುವುದಿದ್ದರೆ ನಗೋಯಾ ಒಪ್ಪಂದದ (ಜೈವಿಕ ಮಾದರಿಗಳನ್ನು ದೇಶಗಳ ನಡುವೆ ಹಂಚಿಕೊಳ್ಳುವ ನಿಯಮಗಳ) ಅನುಮತಿಗಳನ್ನು ಮೊದಲೇ ವಿಚಾರಿಸಿ. ಅದಕ್ಕೆ ಹಿಡಿಯುವ ಸಮಯ ಕಲ್ಚರ್ ಮಾಡಲು ಹಿಡಿಯುವುದಕ್ಕಿಂತ ಜಾಸ್ತಿ.

ಕಾಡುದಾರಿ

ಲೇಬಲ್ ಕೂಡ ಹೇಳಿ ಬೀಜಕ ಅವರೇ. ರೋಗ ತಡೆಯುವ ಚೆಸ್ಟ್‌ನಟ್ ತಳಿ ಅಂತ ವರ್ಷಗಳಿಂದ ಪರೀಕ್ಷೆ ಮಾಡುತ್ತಿದ್ದ ಡಾರ್ಲಿಂಗ್ 58 ನಿಜಕ್ಕೂ ಡಾರ್ಲಿಂಗ್ 54 ಅಂತ 2023ರಲ್ಲಿ ಗೊತ್ತಾಯಿತು. ಅಮೆರಿಕನ್ ಚೆಸ್ಟ್‌ನಟ್ ಫೌಂಡೇಷನ್ ಆ ಡಿಸೆಂಬರಿನಲ್ಲಿ ಬೆಂಬಲ ಹಿಂತೆಗೆದುಕೊಂಡಿತು.

ಬೀಜಕ

ಹೌದು. ಸೀಸೆಗೆ ಅಂಟಿಸಿದ ಲೇಬಲ್ ಮೇಲೆ ಪೆನ್ಸಿಲಿನಲ್ಲಿ ಮರದ ನಂಬರ್, ಬೇರಿನ ಭಾಗ, ತಾರೀಕು ಬರೆಯಿರಿ. ಮಾರ್ಕರ್ ಬೇಡ, ಆಲ್ಕೊಹಾಲ್ ತಾಗಿದರೆ ಅಳಿಸಿಹೋಗುತ್ತದೆ. ಮುಚ್ಚಳದ ಮೇಲೆ ಮಾತ್ರ ಬರೆಯಬೇಡಿ, ಮುಚ್ಚಳಗಳು ಅದಲುಬದಲಾಗುತ್ತವೆ.